ಬಳ್ಳಾರಿಯಾಗ ಏನ್ ಕೆಲಸ ಇತ್ತು?

ಹೋದ ಡಿಸೆಂಬರ್‌ನಲ್ಲಿ ನಾನು ಮತ್ತು ನಮ್ಮಜ್ಜಿ ಬಳ್ಳಾರಿಗೆ ಹೋಗಿ ಒಂದು ರಾತ್ರಿ ಇದ್ದು ಬಂದೆವು. ಹೋಗಬೇಕು ಅಂದುಕೊಂಡು ಹೋಗಿದ್ದಲ್ಲ. ಬಂದು ಇಷ್ಟು ದಿನ ಆದರೂ ಒಂದು ವಿಷಯ ತಲೆಯಲ್ಲಿ ಕೊರೀತಾನೇ ಇದೆ. ಆ ಒಂದೂವರೆ ದಿನದಲ್ಲಿ ಏಳು ಜನ ನಮಗೆ ಒಂದೇ ಪ್ರಶ್ನೆ ಕೇಳಿದರು. ಕಂಡಕ್ಟರ್ ಕೇಳಿದ. ಪಕ್ಕದ ಸೀಟಿನವಳು ಕೇಳಿದಳು. ಮಿರ್ಚಿ ಅಂಗಡಿಯವನು, ಲಾಡ್ಜಿನವನು, ಹೂವಿನವಳು ಕೇಳಿದರು. ಫೋನಿನಲ್ಲಿ ಅವ್ವ ಕೇಳಿದಳು. ಬರುವಾಗ ಬಸ್ಸಿನಲ್ಲಿ ಇನ್ನೊಬ್ಬಾಕೆ. 'ಬಳ್ಳಾರಿಯಾಗ ಏನ್ ಕೆಲಸ ಇತ್ತು?' ಯಾರೂ ಒರಟಾಗಿ ಕೇಳಲಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಇದು 'ಊಟ ಆತೇನ್ರೀ' ಅನ್ನೋ ಥರದ ಮಾತು. ಕೇಳದೇ ಇದ್ದರೆ ಬಿಗುಮಾನ ಅಂದುಕೊಳ್ತಾರೆ. ಆದರೂ 'ಏನೂ ಕೆಲಸ ಇಲ್ರೀ, ಸುಮ್ನೆ ಬಂದೀವಿ' ಅನ್ನೋ ಮಾತು ನಮ್ಮಿಬ್ಬರ ಬಾಯಿಂದ ಒಂದು ಸಲವೂ ಬರಲಿಲ್ಲ. ಏಳು ಸಲವೂ ಸುಳ್ಳು ಹೇಳಿದೆವು. ಅದರಲ್ಲೂ ಅಜ್ಜಿ ಒಮ್ಮೆ ಹೇಳಿದ ಸುಳ್ಳನ್ನು ಇನ್ನೊಮ್ಮೆ ಹೇಳಲಿಲ್ಲ.

ನಾಳಿಗ್ ಬರ್ರಿ

ಶುರುವಾಗಿದ್ದು ಒಂದು ಬ್ಯಾಂಕಿನಿಂದ. ಅಜ್ಜಿಗೆ ಎರಡು ತಿಂಗಳಿಂದ ಗೃಹಲಕ್ಷ್ಮಿಯ 2000 ರೂಪಾಯಿ ಬಿದ್ದಿರಲಿಲ್ಲ. ಕೆವೈಸಿ ಮಾಡಿಸಬೇಕು ಅಂದರು. ನಾನು ಬೆಂಗಳೂರಿನಿಂದ ರಜೆಗೆ ಬಂದಿದ್ದೆ, ಗಂಗಾವತಿಗೆ ಕರೆದುಕೊಂಡು ಹೋಗೋ ಕೆಲಸ ನನಗೆ ಬಿತ್ತು. ಎರಡು ತಾಸು ಕ್ಯೂನಲ್ಲಿ ನಿಂತ ಮೇಲೆ ಸರ್ವರ್ ಇಲ್ಲ ಅಂದರು. 'ನಾಳಿಗ್ ಬರ್ರಿ.' ನಮ್ಮೂರ ಬಸ್ಸು ಇದ್ದದ್ದು ನಾಲ್ಕು ಗಂಟೆಗೆ. ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂತೆವು. ಅಜ್ಜಿಯ ಕೈಚೀಲದಲ್ಲಿ ಪಾಸ್‌ಬುಕ್ಕು, ಆಧಾರ್ ಕಾರ್ಡು, ಎಲೆ ಅಡಿಕೆ ಸಂಚಿ, ನಾಲ್ಕು ಜೋಳದ ರೊಟ್ಟಿ, ಕಾಗದದಲ್ಲಿ ಕಟ್ಟಿದ ಶೇಂಗಾ ಚಟ್ನಿ.

ಬೇರೆ ವರ್ಷ ಆಗಿದ್ದರೆ ಅಜ್ಜಿ ಹೀಗೆ ಬೆಂಚಿನ ಮೇಲೆ ಕೂತಿರುತ್ತಿರಲಿಲ್ಲ. ಡಿಸೆಂಬರ್ ಅಂದರೆ ನಮ್ಮ ಕಡೆ ಮೊದಲ ಬೆಳೆ ಕೊಯ್ದು, ಎರಡನೇ ಬೆಳೆಗೆ ಭತ್ತದ ಸಸಿ ಹಾಕೋ ಗಡಿಬಿಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಅದಾದ ಮೇಲೆ 33 ಗೇಟುಗಳನ್ನೂ ಬದಲಿಸೋದು ಅಂತ ಆಯ್ತು. ಅದಕ್ಕೇ ಆ ಸಲ ಎರಡನೇ ಬೆಳೆಗೆ ನೀರಿರಲಿಲ್ಲ. ಗದ್ದೆ ಖಾಲಿ, ಕಾಲುವೆ ಖಾಲಿ, ಅಜ್ಜಿಯ ಕೈಯೂ ಖಾಲಿ. ಎಪ್ಪತ್ತೆರಡು ವರ್ಷದಲ್ಲಿ ಡಿಸೆಂಬರ್ ತಿಂಗಳಲ್ಲಿ ತಾನು ಬಿಸಿಲು ಕಾಯಿಸುತ್ತಾ ಕೂತದ್ದು ಇದೇ ಮೊದಲು ಅಂತ ಬಂದಾಗಿನಿಂದ ಹೇಳುತ್ತಿದ್ದಳು. ಎಪ್ಪತ್ತೆರಡು ಅನ್ನೋದೂ ಆಧಾರ್ ಕಾರ್ಡಿನ ಲೆಕ್ಕ. ಅದರಲ್ಲಿ ಜನವರಿ 1, 1953 ಅಂತಿದೆ. ನಮ್ಮೂರಿನ ಮುದುಕ ಮುದುಕಿಯರೆಲ್ಲ ಜನವರಿ ಒಂದನೇ ತಾರೀಖೇ ಹುಟ್ಟಿದ್ದು, ನಿಮ್ಮೂರಲ್ಲೂ ಹಾಗೇ ಅಲ್ವಾ?

ಎರಡೂವರೆ ಹೊತ್ತಿಗೆ ಎದುರಿನ ಪ್ಲಾಟ್‌ಫಾರ್ಮಿಗೆ ಒಂದು ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ 'ಕಂಪ್ಲಿ, ಕುರುಗೋಡ, ಬಳ್ಳಾರಿ ಬಳ್ಳಾರಿ ಬಳ್ಳಾರಿ' ಅಂತ ಕೂಗಿದ. ಅಜ್ಜಿ ಬೋರ್ಡು ನೋಡಿದಳು. ಅವಳಿಗೆ ಓದೋಕೆ ಬರೋಲ್ಲ, ಆದರೂ ನೋಡಿದಳು. ಆಮೇಲೆ 'ಬಳ್ಳಾರಿ ಗುಡ್ಡ ಹತ್ತಾಕ ಬರ್ತೈತೇನ?' ಅಂತ ಕೇಳಿದಳು. ಬರುತ್ತೆ, ಮೆಟ್ಟಿಲು ಇದೆ ಅಂದೆ. 'ಅಂಜನಾದ್ರಿಗಿಂತ ಎತ್ತರನೇನ?' ಅಂಜನಾದ್ರಿಯ 575 ಮೆಟ್ಟಿಲನ್ನು ಅವಳು ಅರವತ್ತೈದು ದಾಟಿದ ಮೇಲೂ ಹತ್ತಿದ್ದಾಳೆ. ನಮ್ಮ ಕಡೆ ಎತ್ತರಕ್ಕೆ ಅದೇ ಅಳತೆ. ಅಷ್ಟಿಲ್ಲ ಅಂದೆ. ಕಂಡಕ್ಟರ್ ಸೀಟಿ ಊದಿದ. 'ನೋಡೂಣೇನು?' ಅಂದವರು ಯಾರು ಅಂತ ಈಗಲೂ ನಮ್ಮಿಬ್ಬರಲ್ಲಿ ಜಗಳ ಇದೆ. ಅವಳು ನೀನು ಅಂತಾಳೆ. ನಾನು ನೀನು ಅಂತೀನಿ. ಬಸ್ಸು ಹತ್ತಿದ್ದಂತೂ ನಿಜ.

ಹೊಳೆ ಆಚೆ

'ಯಮ್ಮಾ, ಎಲ್ಲಿಗೆ? ಏನ್ ಕೆಲಸ ಬಳ್ಳಾರ್ಯಾಗ?' ಕಂಡಕ್ಟರ್ ಕಾರ್ಡು ನೋಡಿ ಎರಡು ಶೂನ್ಯ ಟಿಕೆಟ್ ಹರಿಯುತ್ತಾ ಕೇಳಿದ. 'ನಾದಿನಿಗೆ ಮೈಯಾಗ ಹುಷಾರಿಲ್ಲಪ್ಪಾ' ಅಂದಳು ಅಜ್ಜಿ, ರೆಪ್ಪೆ ಬಡಿಯದೆ. ಅಜ್ಜಿಗೆ ಇದ್ದದ್ದು ಒಬ್ಬಳೇ ನಾದಿನಿ. ಸಿಂಧನೂರಿನಲ್ಲಿದ್ದಳು, ತೀರಿಕೊಂಡು ಎಂಟು ವರ್ಷ ಆಯ್ತು. ನಾನು ಕಿಟಕಿ ಕಡೆ ಮುಖ ಮಾಡಿದೆ.

ಚಿಕ್ಕಜಂತಕಲ್ ದಾಟುವ ಹೊತ್ತಿಗೆ ಮುಂದಿನ ಸೀಟಿಗೆ ಒರಗಿ ನಿಂತಿದ್ದ ಒಬ್ಬರು, ಯಾರಿಗೂ ಅಲ್ಲ ಎಲ್ಲರಿಗೂ ಅನ್ನೋ ಹಾಗೆ, 'ಫ್ರೀ ಮಾಡಿ ಕೆಡಿಸಿಬಿಟ್ರು ನೋಡ್ರಿ. ಕೆಲಸ ಇರ್ಲಿ ಬಿಡ್ಲಿ ಹತ್ತಿ ಕುಂದರ್ತಾರ' ಅಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ದಿನದಿಂದ ಈ ಮಾತನ್ನು ಎಷ್ಟು ಬಸ್ಸುಗಳಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. ಯಾವಾಗಲೂ ಏನಾದರೂ ಹೇಳಬೇಕು ಅನ್ನಿಸುತ್ತೆ. ಅವತ್ತು ಏನೂ ಹೇಳೋಕೆ ಆಗಲಿಲ್ಲ. ಯಾಕಂದರೆ ಅವರು ಬೈಯುತ್ತಿದ್ದದ್ದು ನಿಜವಾಗಿಯೂ ನಮ್ಮನ್ನೇ. ಕೆಲಸ ಇಲ್ಲದೆ ಹತ್ತಿ ಕೂತವರು ಆ ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವೇನೋ.

ಕಂಪ್ಲಿ ಸೇತುವೆ ಬಂದಾಗ ಅಜ್ಜಿ ಸಂಚಿಯಿಂದ ಒಂದು ರೂಪಾಯಿ ತೆಗೆದು ಕಿಟಕಿಯಿಂದ ಹೊಳೆಗೆ ಹಾಕಿ ಕೈ ಮುಗಿದಳು. ನೀರು ಕಡಿಮೆ ಇತ್ತು, ಬಂಡೆಗಳು ಮೇಲೆ ಎದ್ದಿದ್ದವು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟ ವರ್ಷ ಇದೇ ಸೇತುವೆ ಮುಳುಗಿ ವಾರಗಟ್ಟಲೆ ದಾರಿ ಬಂದ್ ಆಗುತ್ತೆ. 'ನಮ್ಮವ್ವ ಈ ಹೊಳಿ ದಾಟಿದ್ದು ಹರಗೋಲಾಗ' ಅಂದಳು ಅಜ್ಜಿ. ಆ ಕತೆ ನನಗೆ ಗೊತ್ತಿತ್ತು, ಹೊಳೆಯ ಮೇಲೇ ಕೇಳಿದ್ದು ಮೊದಲ ಸಲ. ರಜಾಕಾರರ ಗದ್ದಲದ ಕಾಲ. ಹೊಳೆಯ ಈಚೆ ನಿಜಾಮನ ರಾಜ್ಯ, ಆಚೆ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸು. ಮುತ್ತಜ್ಜಿ ಬಗಲಲ್ಲಿ ಕೂಸು ಕಟ್ಟಿಕೊಂಡು ರಾತ್ರಿಯಲ್ಲಿ ದಾಟಿ ಕಂಪ್ಲಿಯಲ್ಲಿ ಸಂಬಂಧಿಕರ ಮನೆಯಲ್ಲಿ ಇದ್ದಳಂತೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದು ಬಿದ್ದ ಮೇಲೆ ವಾಪಸು ಬಂದಳು. ಆಮೇಲೆ ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು, ನಮ್ಮ ಕಡೆಯವರು 1956ರ ತನಕ ಕಾದೆವು. ಮುತ್ತಜ್ಜಿ ಮಾತ್ರ ಸಾಯೋ ತನಕ ಮತ್ತೆ ಹೊಳೆ ದಾಟಲಿಲ್ಲ. 'ಯಾಕ?' ಅಂದೆ. 'ಯಾಕ ದಾಟ್ತಾಳ? ಏನ್ ಕೆಲಸ ಇತ್ತು ಆಕಿಗೆ ಅಲ್ಲಿ?' ಅಂದಳು ಅಜ್ಜಿ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತೋ ಏನೋ, ಸಂಚಿ ಬಿಚ್ಚಿ ಅಡಿಕೆ ಹುಡುಕೋಕೆ ಶುರು ಮಾಡಿದಳು.

ಕಂಪ್ಲಿಯಲ್ಲಿ ಹತ್ತಿದ ಹೆಂಗಸು ಅಜ್ಜಿಯ ಪಕ್ಕ ಕೂತಳು. ಎರಡೇ ನಿಮಿಷಕ್ಕೆ ಪ್ರಶ್ನೆ ಬಂತು. ಈ ಸಲ ನಾದಿನಿ ಇಲ್ಲ. 'ನಮ್ಮ ಮೊಮ್ಮಗಳಿಗೆ ಬಳ್ಳಾರಿಯಾಗ ಒಂದು ವರ ಹೇಳ್ಯಾರ. ಮನಿ ಹೆಂಗೈತಿ ಏನ್ ಕತಿ ಅಂತ ನೋಡಾಕ ಹೊಂಟೀವಿ' ಅಂದುಬಿಟ್ಟಳು. ನಾನು ಸೊಂಟಕ್ಕೆ ಚಿವುಟಿದೆ. ಆಯಮ್ಮ ಎಮ್ಮಿಗನೂರಿನಿಂದ ಬಳ್ಳಾರಿ ತನಕ ಗಂಡುಗಳ ಬಗ್ಗೆ ತಿಳಿಹೇಳಿದಳು. ಹುಡುಗ ಗಣಿಯಲ್ಲಿ ದುಡಿದವನಾ ವಿಚಾರಿಸಿ, ತೋರಣಗಲ್ಲಿನ ಫ್ಯಾಕ್ಟರಿಯಲ್ಲಿದ್ದರೆ ಪರ್ಮನೆಂಟಾ ಕಾಂಟ್ರಾಕ್ಟಾ ಕೇಳಿ, ಸ್ವಂತ ಮನೆ ಅಂದರೆ ನಂಬಬೇಡಿ, ಕರೆಂಟ್ ಬಿಲ್ಲು ಯಾರ ಹೆಸರಲ್ಲಿದೆ ನೋಡಿ. ಕರೆಂಟ್ ಬಿಲ್ಲಿನ ಮಾತು ಮಾತ್ರ ನಾನು ನೆನಪಿಟ್ಟುಕೊಂಡಿದ್ದೀನಿ. ಕುರುಗೋಡು ಬಿಟ್ಟ ಮೇಲೆ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪಗೆ ತೂಗುತ್ತಿತ್ತು. ಅಜ್ಜಿ ಇಲ್ಲದ ಅಳಿಯನ ಬಗ್ಗೆ ಗಂಭೀರವಾಗಿ ತಲೆ ಆಡಿಸುತ್ತಾ ಬೆಳೆ ನೋಡುತ್ತಿದ್ದಳು.

ಪೊರಿ ಬಂದೈತಿ

ಬಳ್ಳಾರಿಯಲ್ಲಿ ಇಳಿದಾಗ ಐದು ಗಂಟೆ. ಊರೊಳಗೆ ಎಲ್ಲಿಂದ ನೋಡಿದರೂ ಗುಡ್ಡ ಕಾಣುತ್ತೆ, ಸಂದಿಗಳ ಕೊನೆಗೆ, ಕಟ್ಟಡಗಳ ತಲೆ ಮೇಲೆ. ಹತ್ತೋಕೆ ಹೊತ್ತಾಗಿತ್ತು. ಒಂದು ಗಾಡಿಯ ಹತ್ತಿರ ಒಗ್ಗರಣೆ ಮಿರ್ಚಿ ತಿಂದೆವು. ಅಜ್ಜಿ ಮಂಡಕ್ಕಿಯಲ್ಲಿ ಪುಟಾಣಿ ಹಿಟ್ಟು ಕಮ್ಮಿ ಆಗಿದೆ ಅಂತ ಅಂಗಡಿಯವನಿಗೇ ಹೇಳಿದಳು. ಅವನು ನಕ್ಕು, ಯಾವೂರು ಏನು ಕೆಲಸ ಅಂತ ಕೇಳಿದ. 'ಈಕಿಗೆ ನಾಳೆ ಪರೀಕ್ಷಿ ಐತಿ.' ಹೊತ್ತು ಮುಳುಗಿದ ಮೇಲೆ ವಾಪಸು ಹೋಗೋ ಮಾತೇ ಇರಲಿಲ್ಲ. ಗಂಗಾವತಿ ತನಕ ಬಸ್ಸು ಸಿಕ್ಕರೂ ಅಲ್ಲಿಂದ ನಮ್ಮೂರಿಗೆ ಏನೂ ಇಲ್ಲ. ಇದು ಗೊತ್ತಿದ್ದೇ ಬಂದಿದ್ದೆವು ಅನ್ನೋದನ್ನ ನಾವಿಬ್ಬರೂ ಆ ತನಕ ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲ ಲಾಡ್ಜಿನಲ್ಲಿ ಕೌಂಟರಿನವನು ನಮ್ಮ ಹಿಂದೆ ಯಾರಾದರೂ ಬರ್ತಾರಾ ಅಂತ ಬಾಗಿಲ ಕಡೆ ನೋಡಿದ. 'ಗಂಡಸರು ಯಾರೂ ಬಂದಿಲ್ಲೇನ್ರೀ?' ಇಲ್ಲ. 'ಲಗೇಜು?' ನಾನು ಅಜ್ಜಿಯ ಕೈಚೀಲ ತೋರಿಸಿದೆ. ರೂಮಿಲ್ಲ ಅಂದ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಕೀಗಳು ಸಾಲಾಗಿ ನೇತಾಡುತ್ತಿದ್ದವು. ನನಗೆ ಸಿಟ್ಟು ಬಂತು. ಕೆಲಸದಲ್ಲಿರೋಳು, ಐಡಿ ಕಾರ್ಡಿದೆ, ದುಡ್ಡಿದೆ, ಇನ್ನೇನು ಬೇಕು ಅಂತ ಜಗಳ ತೆಗೆಯೋಕೆ ಹೊರಟೆ. ಅಜ್ಜಿ ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು.

ಎರಡನೇ ಲಾಡ್ಜಿನ ಮೆಟ್ಟಿಲು ಹತ್ತುವಾಗಲೇ ಅವಳ ನಡಿಗೆ ಬದಲಾಯ್ತು. ಬಲಗೈ ಚಾಚಿ ಗೋಡೆ ತಡವುತ್ತಾ, ಕಾಲಿನಿಂದ ಮೆಟ್ಟಿಲು ಹುಡುಕುತ್ತಾ ಹತ್ತಿದಳು. ಕೌಂಟರಿನ ಹತ್ತಿರ ಬಂದು, ಮ್ಯಾನೇಜರ್ ಕೂತದ್ದು ಒಂದು ಕಡೆಯಾದರೆ ಇನ್ನೊಂದು ಕಡೆ ಮುಖ ಮಾಡಿ, 'ಅಪ್ಪಾ, ನಾಳೆ ಮುಂಜಾನೆ ಎಂಟಕ್ಕ ಕಣ್ಣಿನ ದವಾಖಾನಿಯಾಗ ನಂಬರ್ ಐತಿ. ಪೊರಿ ಬಂದೈತಿ. ಒಂದ್ ರಾತ್ರಿ ಮಕ್ಕೊಳ್ಳಾಕ ಜಾಗ ಕೊಡ್ತೀಯೇನು?' ಅಂದಳು. ಅವಳ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತು. ಅಕ್ಕಿಯಲ್ಲಿ ಇರೋ ಹರಳನ್ನು ನನಗಿಂತ ಮೊದಲು ಅವಳೇ ಹೆಕ್ಕುತ್ತಾಳೆ. ಮ್ಯಾನೇಜರ್ ಎದ್ದು ನಿಂತ. ಅಜ್ಜಿಗೆ ಜಾಸ್ತಿ ಮೆಟ್ಟಿಲು ಬ್ಯಾಡ ಅಂತ ಹೇಳಿ ಮೊದಲ ಮಹಡಿಯಲ್ಲೇ ರೂಮು ಕೊಟ್ಟ. ಸಾವಿರ ಅಂದವನು ಎಂಟುನೂರಕ್ಕೆ ಇಳಿದ. ಆಧಾರ್ ಜೆರಾಕ್ಸಿಗೆ ತಾನೇ ಹುಡುಗನನ್ನು ಕಳಿಸಿದ. ಗಂಡಸರು ಯಾರು ಅಂತ ಕೇಳಲೇ ಇಲ್ಲ.

ಒಳಗೆ ಬಂದು ಚಿಲಕ ಹಾಕಿ, ಅದಕ್ಕೆ ಅಡ್ಡ ಕುರ್ಚಿ ಇಟ್ಟು, ಅಜ್ಜಿ ಮೊದಲು ದಿಂಬು ಮೂಸಿ ನೋಡಿದಳು. ಅದರ ಮೇಲೆ ತನ್ನ ಟವೆಲ್ ಹಾಸಿದಳು. ರೊಟ್ಟಿ ಚಟ್ನಿ ನೆಲದ ಮೇಲೆ ಕೂತು ತಿಂದೆವು. ನಾನು ಬಾಟಲಿ ನೀರು ತಂದದ್ದಕ್ಕೆ ಬೈದಳು. ಒಂದು ರಾತ್ರಿ ಮಲಗೋಕೆ ಎಂಟುನೂರು ಅನ್ನೋದನ್ನ ಮೂರು ಸಲ ಲೆಕ್ಕ ಹಾಕಿ, ಒಂದು ಆಳಿನ ಕೂಲಿಗೆ ಹೋಲಿಸಿ, ಸಾಕಷ್ಟು ಸಂಕಟಪಟ್ಟಳು. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿ ಎರಡೂ ಕೈ ಚಾಚಿದಳು. ಒಂದು ಕೈ ನನ್ನ ಎದೆ ಮೇಲೆ ಬಿತ್ತು. 'ಎಷ್ಟಕ್ಕ ಏಳಬೇಕು?' ಅಂತ ಕೇಳಿದಳು. ಎಷ್ಟಕ್ಕಾದರೂ ಏಳು ಅಂದೆ. ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಷ್ಟಕ್ಕಾದ್ರೂ ಅಂದ್ರ ಎಷ್ಟಕ್ಕ?' ಅಂದಳು.

ರೀಸನ್ ಅನ್ನೋ ಕಾಲಂ

ನಿದ್ದೆ ಇಬ್ಬರಿಗೂ ಬರಲಿಲ್ಲ. ಅದಿರು ತುಂಬಿದ ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡಾಡುತ್ತಿದ್ದವು. ಅಜ್ಜಿ, ನೀನು ಮನೆ ಬಿಟ್ಟು ಹೊರಗೆ ಎಷ್ಟು ರಾತ್ರಿ ಮಲಗಿದ್ದೀಯ ಅಂತ ಸುಮ್ನೆ ಕೇಳಿದೆ. ಇಬ್ಬರೂ ಲೆಕ್ಕ ಹಾಕೋಕೆ ಕೂತೆವು. ತವರಿನಲ್ಲಿ ಮೂರು ಬಾಣಂತನ. ಹೆಣ್ಣುಮಕ್ಕಳ ಬಾಣಂತನ ಮಾಡೋಕೆ ಹೋದದ್ದು ನಾಲ್ಕು. ಮದುವೆಗಳು, ಎಣಿಸಲಿಲ್ಲ. ಸಾವುಗಳು, ಎಣಿಸಿದೆವು, ಬಿಟ್ಟೆವು. ಹುಲಿಗೆಮ್ಮನ ಹುಣ್ಣಿಮೆಗೆ ಹುಲಗಿಯಲ್ಲಿ. ಗವಿಮಠದ ಜಾತ್ರೆಗೆ ಕೊಪ್ಪಳದಲ್ಲಿ, ಅದೂ ದಾಸೋಹದ ರೊಟ್ಟಿ ಗಾಡಿಯ ಜೊತೆ. ಮತ್ತೆ 1996ರಲ್ಲಿ ಇದೇ ಬಳ್ಳಾರಿಯಲ್ಲಿ ಹನ್ನೊಂದು ರಾತ್ರಿ, ದೊಡ್ಡಾಸ್ಪತ್ರೆಯ ವರಾಂಡದಲ್ಲಿ, ಅಜ್ಜನ ಜೊತೆ. 'ಅಲ್ಲಿಂದ ಗುಡ್ಡ ಕಾಣತಿತ್ತು' ಅಂದಳು. ಹನ್ನೆರಡನೇ ದಿನ ಅಜ್ಜನನ್ನು ಊರಿಗೆ ತಂದರು. ಆ ಹನ್ನೊಂದು ದಿನದಲ್ಲಿ ಬಳ್ಳಾರಿಯಲ್ಲಿ ಅವಳು ನೋಡಿದ್ದು ವಾರ್ಡು, ಔಷಧಿ ಅಂಗಡಿ, ಚಹಾದ ಗಾಡಿ, ಮತ್ತೆ ದೂರದಲ್ಲಿ ಆ ಗುಡ್ಡ.

ಹೆರಿಗೆ, ಮದುವೆ, ಸಾವು, ದೇವರು, ದವಾಖಾನೆ. ಈ ಐದರಲ್ಲಿ ಒಂದು ಇದ್ದರೆ ಹೆಣ್ಮಗಳು ಎಲ್ಲಿ ಬೇಕಾದರೂ ಹೋಗಬಹುದು, ಯಾರ ಹತ್ತಿರ ಬೇಕಾದರೂ ರಾತ್ರಿ ಇರೋಕೆ ಜಾಗ ಕೇಳಬಹುದು. ಅಜ್ಜಿಗೆ ಇದು ಯಾರೂ ಕಲಿಸಿದ್ದಲ್ಲ. ಅವತ್ತು ಅವಳು ಹೇಳಿದ ಸುಳ್ಳುಗಳನ್ನ ನೋಡಿ, ಪರೀಕ್ಷೆ ಒಂದು ಬಿಟ್ಟರೆ ಉಳಿದದ್ದೆಲ್ಲ ಈ ಐದರಲ್ಲೇ ಬರುತ್ತೆ. ಪರೀಕ್ಷೆ ನನ್ನ ತಲೆಮಾರಿನಲ್ಲಿ ಹೊಸದಾಗಿ ಸೇರಿದ್ದು. ನಮ್ಮ ಮಾವ ವಾರಕ್ಕೆ ಮೂರು ಸಲ ರಾತ್ರಿ ಎಂಟಕ್ಕೆ ಬೈಕ್ ತೆಗೆದುಕೊಂಡು ಹದಿನಾಲ್ಕು ಕಿಲೋಮೀಟರ್ ದೂರದ ಗಂಗಾವತಿಗೆ ಚಹಾ ಕುಡಿಯೋಕೆ ಹೋಗ್ತಾನೆ. ಮನೆಯಲ್ಲಿ ಚಹಾ ಇಲ್ಲ ಅಂತಲ್ಲ. 'ಏನ್ ಕೆಲಸ ಇತ್ತು' ಅಂತ ಅವನನ್ನು ಇವತ್ತಿನ ತನಕ ಯಾರೂ ಕೇಳಿದ್ದು ನಾನು ನೋಡಿಲ್ಲ. ಎಷ್ಟೊತ್ತಿಗೆ ಬರ್ತಿ ಅಂತ ಮಾತ್ರ ಕೇಳ್ತಾರೆ, ಅದೂ ರೊಟ್ಟಿ ಬಿಸಿ ಇಡೋ ಸಲುವಾಗಿ.

ಇಷ್ಟು ಬರೆದು, ಅಜ್ಜಿಯ ಕಾಲ ಹಾಗಿತ್ತು, ನಮ್ಮ ಕಾಲ ಹೀಗೆ ಅಂತ ಹೇಳಿ ಮುಗಿಸಬಹುದಿತ್ತು. ಮುಗಿಸೋಕೆ ಆಗ್ತಿಲ್ಲ. ರಾತ್ರಿ ಒಂಬತ್ತಕ್ಕೆ ಅವ್ವ ಫೋನ್ ಮಾಡಿದಾಗ ಉತ್ತರ ಕೊಟ್ಟವಳು ನಾನು. ಎಲ್ಲಿದ್ದೀರಿ, ಬಳ್ಳಾರಿಯಾಗ ಏನ್ ಕೆಲಸ ಅಂತ ಅವ್ವ ಚೀರಿದಳು. 'ಅಜ್ಜಿಗೆ ಕಣ್ಣು ಮಂಜಾಗೈತಂತ, ತೋರಿಸ್ಕೊಂಡು ಬರ್ತೀವಿ' ಅಂದೆ. ಒಂದು ತಾಸಿನ ಹಿಂದೆ ಕೌಂಟರಿನಲ್ಲಿ ನೋಡಿ ನಗು ತಡೆದುಕೊಂಡಿದ್ದ ಅದೇ ಸುಳ್ಳು. ಪಕ್ಕದಲ್ಲಿ ಅಜ್ಜಿ ನನ್ನನ್ನು ನೋಡಿ ತಲೆ ಆಡಿಸಿದಳು, ಪಾಠ ಒಪ್ಪಿಸಿದ ಮಗುವಿಗೆ ಆಡಿಸಿದ ಹಾಗೆ. ಇನ್ನೂ ಒಂದು ಇದೆ. ನನ್ನ ಆಫೀಸಿನಲ್ಲಿ ರಜೆ ಹಾಕೋವಾಗ ರೀಸನ್ ಅನ್ನೋ ಒಂದು ಕಾಲಂ ಇರುತ್ತೆ. ತುಂಬಲೇಬೇಕು, ಖಾಲಿ ಬಿಟ್ಟರೆ ಕೆಂಪು ಗುರುತು ಬರುತ್ತೆ. ಆ ಡಿಸೆಂಬರ್‌ನ ಆರು ದಿನದ ರಜೆಗೆ ನಾನು ಬರೆದದ್ದು 'ಅಜ್ಜಿಗೆ ಹುಷಾರಿಲ್ಲ' ಅಂತ. ಅಜ್ಜಿ ಗುಂಡಕಲ್ಲಿನ ಹಾಗೆ ಇದ್ದಳು. ಮೂರು ವರ್ಷದಲ್ಲಿ ಆ ಕಾಲಂನಲ್ಲಿ ಅಜ್ಜಿಗೆ ನಾಲ್ಕು ಸಲ ಹುಷಾರು ತಪ್ಪಿದೆ. ವಾರದ ಕೊನೆಗೆ ಚಾರಣ ಅಂತ ಹೋಗ್ತೀನಲ್ಲ, ಅದಕ್ಕೂ 'ಸ್ಟ್ರೆಸ್ ಜಾಸ್ತಿ ಆಗಿತ್ತು' ಅಂತ ಹೇಳಿಕೊಂಡೇ ಹೋಗೋದು. ಅದು ದವಾಖಾನೆ ಲೆಕ್ಕಕ್ಕೆ ಬರುತ್ತೆ ಅಂತ ಅವತ್ತು ಹೊಳೀತು.

ಗುಡ್ಡ

ಬೆಳಿಗ್ಗೆ ಆರಕ್ಕೆ ಎಚ್ಚರ ಆದಾಗ ಅಜ್ಜಿ ಲಾಡ್ಜಿನ ಟವೆಲ್ ಒದ್ದೆ ಮಾಡಿಕೊಂಡು ಕಿಟಕಿಯ ಸರಳುಗಳ ಧೂಳು ಒರೆಸುತ್ತಿದ್ದಳು. ನಾಲ್ಕೂವರೆಗೇ ಎದ್ದಿದ್ದಾಳೆ. ಎಮ್ಮೆ ಇಲ್ಲ, ಅಂಗಳ ಇಲ್ಲ, ಒಲೆ ಇಲ್ಲ. ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತಿದ್ದಳಂತೆ. 'ಕುಂತು ಕುಂತು ಎದಿ ಡವಡವ ಅನ್ನಾಕ ಹತ್ತಿತು' ಅಂದಳು. ಆರನೇ ಸರಳಿಗೆ ಬಂದಿದ್ದಳು, ಇನ್ನೂ ನಾಲ್ಕಿದ್ದವು. ಮುಗಿಸಿಯೇ ಹೊರಟಳು.

ಗುಡ್ಡ ಹತ್ತೋಕೆ ಶುರು ಮಾಡಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡ್ತಾರಲ್ಲ, ಡಿಸೆಂಬರ್‌ನ ಬೆಳಗಿನ ಎರಡು ತಾಸು ಅದಕ್ಕೆ ಸೇರಿಲ್ಲ. ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದಳು. ದೇವರ ಗುಡ್ಡ ಅಲ್ಲ, ಕೋಟೆ ಅಂದೆ. 'ಕಲ್ಲು ತಂಪೈತಿ, ಅದಕ್ಕ' ಅಂದಳು. ದಾರಿಯಲ್ಲಿ ಕೂತಾಗ ಕೋಟೆಯ ಕತೆ ಹೇಳಿದೆ. ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು, ಕೆಳಗಿನದು ಹೈದರಾಲಿ ಒಬ್ಬ ಫ್ರೆಂಚ್ ಇಂಜಿನಿಯರ್ ಕೈಲಿ ಕಟ್ಟಿಸಿದ್ದು. ಎಲ್ಲ ಕಟ್ಟಿ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಈ ಕೋಟೆಗಿಂತ ಎತ್ತರ, ಅಲ್ಲಿಂದ ಫಿರಂಗಿ ಹೊಡೆದರೆ ಕೋಟೆ ಉಳಿಯೋಲ್ಲ. ಸಿಟ್ಟಿಗೆ ಹೈದರಾಲಿ ಇಂಜಿನಿಯರನ್ನು ಗಲ್ಲಿಗೆ ಹಾಕಿಸಿದ ಅಂತ ಜನ ಹೇಳ್ತಾರೆ. ಅಜ್ಜಿ ಎದುರಿನ ಗುಡ್ಡ ನೋಡಿದಳು. ಒಂದು ಕಡೆಯಿಂದ ಅದು ಮನುಷ್ಯನ ಮುಖದ ಹಾಗೆ ಕಾಣುತ್ತೆ. 'ಅಲ್ಲ, ಕಟ್ಟೋ ಮುಂದ ಹೈದರಾಲಿಗೆ ಕಣ್ಣಿರಲಿಲ್ಲೇನು? ಅಷ್ಟು ದೊಡ್ಡ ಗುಡ್ಡ!' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಅವಗೂ ಪೊರಿ ಬಂದಿತ್ತೇನೋ' ಅಂತ ತಾನೇ ನಕ್ಕಳು. ನಗು ನಿಲ್ಲಲಿಲ್ಲ, ಕೆಮ್ಮು ಬಂತು, ನೀರು ಕುಡಿಸಬೇಕಾಯ್ತು.

ಮೇಲೆ ಬಂಡೆಯಲ್ಲಿ ಕಡೆದ ಹೊಂಡಗಳಿವೆ, ಹಸಿರು ನೀರು ನಿಂತಿತ್ತು. ಕಲ್ಲುಗೋಡೆಯ ಒಂದು ಸಂದಿಯಿಂದ ಊರು ಪೂರಾ ಕಾಣುತ್ತೆ. ನಾನು ಒಂದು ಗಳಿಗೆಗಾಗಿ ಕಾಯುತ್ತಿದ್ದೆ. ರಾತ್ರಿಯ ಮಾತಾದ ಮೇಲೆ ನನ್ನ ತಲೆಯಲ್ಲಿ ಈ ಪ್ರಯಾಣಕ್ಕೆ ಒಂದು ಅರ್ಥ ಸಿಕ್ಕಿಬಿಟ್ಟಿತ್ತು. ಅಲ್ಲಿಂದ ಗುಡ್ಡ ನೋಡಿದವಳು ಈಗ ಗುಡ್ಡದಿಂದ ಅಲ್ಲಿಗೆ ನೋಡ್ತಾಳೆ, ಕಣ್ಣೀರು ಬರುತ್ತೆ, ನಾನು ಪಕ್ಕದಲ್ಲಿ ಇರ್ತೀನಿ. ಸುಳ್ಳು ಯಾಕೆ, ಫೋನಿನ ಕ್ಯಾಮೆರಾ ಕೂಡ ತೆಗೆದು ಇಟ್ಟುಕೊಂಡಿದ್ದೆ. 'ದವಾಖಾನಿ ಆ ಕಡೆ ಬರುತ್ತೆ ನೋಡಜ್ಜಿ' ಅಂತ ಕೈ ಮಾಡಿದೆ. ಅವಳು ಆ ಕಡೆ ತಿರುಗಲೂ ಇಲ್ಲ. 'ಇರ್ಲಿ ಬಿಡು' ಅಂದಳು. ಅವಳ ಕಣ್ಣು ಗುಡ್ಡದ ಬುಡದ ಒಂದು ಮಹಡಿ ಮೇಲಿತ್ತು. ಅಲ್ಲಿ ಹಗ್ಗದ ತುಂಬಾ ನೀಲಿ ಪ್ಯಾಂಟುಗಳು ನೇತಾಡುತ್ತಿದ್ದವು, ಒಂದೇ ಬಣ್ಣ, ಒಂದೇ ಅಳತೆ, ನೂರಾದರೂ ಇದ್ದವು. 'ಅಷ್ಟು ಮಂದಿ ಇದ್ದಾರೇನು ಆ ಮನ್ಯಾಗ?' ಬಳ್ಳಾರಿ ಅಂದರೆ ಜೀನ್ಸ್, ಮನೆಮನೆಯಲ್ಲಿ ಹೊಲೀತಾರೆ, ನಮ್ಮ ತಮ್ಮ ಹಾಕೋದೂ ಇಲ್ಲಿಂದ ಬಂದದ್ದೇ ಅಂತ ಹೇಳಿದೆ. ಒಂದು ಹೆಂಗಸು ಮಹಡಿಗೆ ಬಂದು ಪ್ಯಾಂಟುಗಳನ್ನು ಒಂದೊಂದಾಗಿ ತಿರುವಿ ಹಾಕೋಕೆ ಶುರು ಮಾಡಿದಳು. ಅಜ್ಜಿ ಗೋಡೆಗೆ ಒರಗಿ, ಅಡಿಕೆ ಅಗಿಯುತ್ತಾ, ಆಕೆ ಕೊನೆಯ ಸಾಲಿಗೆ ಹೋಗೋ ತನಕ ನೋಡಿದಳು. ಅರ್ಧ ತಾಸಾದರೂ ಆಗಿರಬೇಕು. ನಾನು ಎರಡು ಸಲ ಹೋಗೋಣವಾ ಅಂದೆ. ಎರಡು ಸಲವೂ ಅವಳಿಗೆ ಕೇಳಿಸಲಿಲ್ಲ. ಕ್ಯಾಮೆರಾ ಒಳಗಿಟ್ಟೆ.

ಇಳಿದು ದುರ್ಗಮ್ಮನ ಗುಡಿಗೆ ಹೋದೆವು. ಬಳ್ಳಾರಿಗೆ ಬಂದು ಕನಕದುರ್ಗಮ್ಮನಿಗೆ ಮುಖ ತೋರಿಸದೆ ಹೋದರೆ ಅಜ್ಜಿಯ ಲೆಕ್ಕದಲ್ಲಿ ಅದು ಅಪರಾಧ. ಹೊರಗೆ ಹೂವಿನವಳು ತೆಲುಗು ಬೆರೆತ ಕನ್ನಡದಲ್ಲಿ ಯಾವೂರು, ಏನು ಕೆಲಸಕ್ಕೆ ಬಂದದ್ದು ಅಂತ ಕೇಳಿದಳು. 'ಹರಕಿ ಇತ್ತವ್ವಾ' ಅಂದಳು ಅಜ್ಜಿ. ಒಳಗೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಹೊರಗೆ ಬಂದ ಮೇಲೆ ಏನು ಬೇಡಿಕೊಂಡಿ ಅಂತ ಕೇಳಿದೆ. 'ಏನಿಲ್ಲ. ಬಂದೀನಿ ಅಂತ ಹೇಳಿದೆ.'

ಸರ್ವೇ

ವಾಪಸು ಬರುವ ಬಸ್ಸಿನಲ್ಲಿ ಏಳನೇ ಪ್ರಶ್ನೆ ಬಂತು. ನಮ್ಮ ಪಕ್ಕ ಕೂತವಳು ಐವತ್ತರ ಆಸುಪಾಸಿನ ಹೆಂಗಸು, ಮಡಿಲಲ್ಲಿ ತರಕಾರಿ ಚೀಲ. ಅಜ್ಜಿಗೆ ನಿದ್ದೆ ಎಳೆಯುತ್ತಿತ್ತು. ಹೊಸ ಸುಳ್ಳು ಹುಟ್ಟಿಸೋಕೆ ಬೇಜಾರಾಯ್ತೋ ಏನೋ, 'ನಮ್ಮ ಮೊಮ್ಮಗಳಿಗೆ ಆಫೀಸಿನ ಕೆಲಸ ಇತ್ತು. ಒಬ್ಬಾಕಿನ್ನ ಹೆಂಗ ಕಳಸೋದಂತ ನಾ ಜೊತಿಗೆ ಬಂದಿದ್ದೆ' ಅಂತ ನನ್ನ ಕಡೆ ತಳ್ಳಿದಳು. ಆಕೆ ನನ್ನನ್ನು ನೋಡಿದಳು. 'ಏನ್ ಕೆಲಸವ್ವಾ?'

ನನಗೆ ಅಜ್ಜಿಯಷ್ಟು ಬೇಗ ಹೊಳೆಯೋಲ್ಲ. 'ಸರ್ವೇ' ಅಂದೆ. ಯಾವ ಸರ್ವೇ ಅಂದಳು. ಕಿಟಕಿಯಲ್ಲಿ ಗುಡ್ಡ ಇನ್ನೂ ಕಾಣುತ್ತಿತ್ತು. 'ಗುಡ್ಡದ್ದು' ಅಂತ ಬಂತು ಬಾಯಿಗೆ. ಅಜ್ಜಿಯ ನಿದ್ದೆ ಹಾರಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಆಕೆ ನಗಲಿಲ್ಲ. ಎರಡು ತಿಂಗಳ ಹಿಂದಷ್ಟೇ ಜಾತಿ ಸಮೀಕ್ಷೆಯವರು ಮನೆಮನೆಗೆ ಬಂದು ಹೋಗಿದ್ದರು. ಅವರು ಬಂದ ದಿನ ತಾನು ಕೂಲಿಗೆ ಹೋಗಿದ್ದೆ, ಹೆಸರು ಸರಿಯಾಗಿ ಬರೆದರೋ ಇಲ್ಲವೋ ಅಂತ ಅವತ್ತಿನಿಂದ ಚಿಂತೆ ಅಂದಳು. ಚೀಲದೊಳಗೆ ಕೈ ಹಾಕಿ ಸೌತೆಕಾಯಿ ಸರಿಸಿ ಪ್ಲಾಸ್ಟಿಕ್ ಕವರಿನಿಂದ ಆಧಾರ್ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು. 'ನಮ್ಮ ಹೆಸರೂ ಬರಕೋಳವ್ವಾ.' ಇದು ಆ ಸರ್ವೇ ಅಲ್ಲ ಅಂದೆ. 'ಇರ್ಲಿ, ಯಾವುದಾದ್ರೇನು, ಬರಕೋ.' ಏನು ಮಾಡಬೇಕು ಅಂತ ತಿಳಿಯಲಿಲ್ಲ. ಪರ್ಸಿನಲ್ಲಿ ಪೆನ್ನಿತ್ತು. ಶೂನ್ಯ ಟಿಕೆಟ್ಟಿನ ಹಿಂದೆ ಆಕೆಯ ಹೆಸರು ಬರೆದೆ. ಊರೂ ಬರೆ ಅಂದಳು, ಬರೆದೆ. ನಂಬರ್ ಬರೆಯಲಿಲ್ಲ, ಜಾಗ ಇಲ್ಲ ಅಂದೆ.

ಕುರುಗೋಡಿನಲ್ಲಿ ಇಳಿಯೋಕೆ ಎದ್ದಳು. ಬಾಗಿಲ ತನಕ ಹೋದವಳು ತಿರುಗಿ, ಇದರಿಂದ ಏನು ಬರ್ತೈತವ್ವಾ ಅಂತ ಕೇಳಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿಯೇ ಉತ್ತರ ಕೊಟ್ಟಳು.

'ಏನೂ ಬರಂಗಿಲ್ಲಬೇ. ಸುಮ್ನ ಬರಕೊಂಡಾಳ.'

'ಸುಮ್ನ ಯಾರ್ ಬರಕೊಳ್ತಾರ?' ಅಂದಳು ಆಕೆ, ನಂಬದೆ. ಕಂಡಕ್ಟರ್ ಸೀಟಿ ಊದಿದ.